ಅನುಸೂಚಿಗೆ ಸಿಕ್ಕದ ಗಾಯ

ಅಮೆರಿಕದ ವರ್ಮಾಂಟ್ ಸಂಸ್ಥಾನದಲ್ಲಿ ಕ್ಯಾವೆಂಡಿಷ್ ಎಂಬುದೊಂದು ಸಣ್ಣ ಊರು. 1848ರ ಸೆಪ್ಟೆಂಬರ್ 13ರ ಸಂಜೆಯ ಮುಂಚೆ ಆ ಊರ ಹೊರಗೆ ರೈಲುದಾರಿಗಾಗಿ ಬಂಡೆ ಸಿಡಿಸುವ ಕೆಲಸ ನಡೆದಿತ್ತು. ಕೂಲಿಗಳ ಮೇಸ್ತ್ರಿ ಫಿನಿಯಸ್ ಗೇಜ್, ಇಪ್ಪತ್ತೈದರ ತರುಣ. ಬಂಡೆಯಲ್ಲಿ ಕೊರೆದ ಕುಳಿಯೊಳಕ್ಕೆ ಅವನು ಕಬ್ಬಿಣದ ಸಲಾಕೆಯಿಂದ ಮದ್ದು ಜಡಿಯುತ್ತಿದ್ದಾಗ ಕಿಡಿ ಹಾರಿತು. 3 ಅಡಿ 7 ಅಂಗುಲ ಉದ್ದದ, 13 ಪೌಂಡಿಗೂ ಮಿಕ್ಕ ತೂಕದ ಆ ಸಲಾಕೆ ಎಡಗೆನ್ನೆಯಲ್ಲಿ ಹೊಕ್ಕು, ಕಣ್ಣಿನ ಹಿಂದಿನಿಂದ ಹಾದು, ನೆತ್ತಿಯನ್ನು ಭೇದಿಸಿ ಹೊರಬಿದ್ದಿತು. ಆಶ್ಚರ್ಯವೆಂದರೆ, ಅವನು ಎತ್ತಿನ ಗಾಡಿಯಲ್ಲಿ ಕುಳಿತುಕೊಂಡೇ ಊರಿಗೆ ಬಂದ. ಹಾರ್ಲೋ ಎಂಬ ವೈದ್ಯನ ಶುಶ್ರೂಷೆಯಿಂದ ಬದುಕಿಯೂ ಉಳಿದ. ಎಡಗಣ್ಣು ಮಾತ್ರ ಹೋಯಿತು.

ಗಾಯ ಮಾಯ್ದ ಮೇಲೆ ಅವನು ಹಳೆಯ ಕೆಲಸ ಕೇಳಿದ. ತಮ್ಮಲ್ಲಿ ಇವನಷ್ಟು ಸಮರ್ಥ ಮೇಸ್ತ್ರಿ ಇಲ್ಲವೆನ್ನುತ್ತಿದ್ದ ಗುತ್ತಿಗೆದಾರರೇ ಈಗ ಬೇಡವೆಂದರು. ಮೈಯಲ್ಲಿ ಕಸುವಿತ್ತು, ಸ್ವಭಾವ ಮಾತ್ರ ಬೇರೆಯಾಗಿತ್ತು. ಚಂಚಲತೆ, ಒರಟು ಮಾತು, ಹತ್ತು ಯೋಜನೆ ಹೂಡಿ ಹತ್ತನ್ನೂ ಕೈಬಿಡುವ ಚಾಳಿ. ಹಾರ್ಲೋ ಇದನ್ನೆಲ್ಲ 1868ರಲ್ಲಿ ಬರೆದಿಟ್ಟ.

ಮನಶ್ಶಾಸ್ತ್ರದ ಗ್ರಂಥಗಳು ಗೇಜನನ್ನು ಮರೆತಿಲ್ಲ. ಅವನ ಅನ್ನಕ್ಕೆ ಹೊಣೆ ಯಾರು ಎಂಬ ಪ್ರಶ್ನೆ ಮಾತ್ರ ಅಲ್ಲಿ ವಿರಳ. ನನಗೆ ಬೇಕಾದುದು ಅದೇ. ಆ ಕಾಲದ ನ್ಯಾಯ ಕಠೋರವಾಗಿತ್ತು. ನೆರೆಯ ಮೆಸಾಚುಸೆಟ್ಸಿನಲ್ಲಿ ಸಹೋದ್ಯೋಗಿಯ ತಪ್ಪಿನಿಂದ ಕೈ ಕಳೆದುಕೊಂಡ ರೈಲು ಚಾಲಕನೊಬ್ಬನಿಗೆ 1842ರಲ್ಲಿ ಮುಖ್ಯ ನ್ಯಾಯಾಧೀಶ ಲೆಮ್ಯುಯಲ್ ಷಾ ಪರಿಹಾರ ನಿರಾಕರಿಸಿದ. ಅಪಾಯದ ಬೆಲೆ ಸಂಬಳದಲ್ಲೇ ಸೇರಿದೆಯೆಂಬುದು ಅವನ ತರ್ಕ. (ತಿಮಿಂಗಿಲ ಬೇಟೆಗಾರರ ಕಷ್ಟವನ್ನು ಬರೆದ ಕಾದಂಬರಿಕಾರ ಮೆಲ್ವಿಲ್ ಇದೇ ಷಾನ ಅಳಿಯ.) ಗೇಜ್ ಸಲಾಕೆಯನ್ನು ಹಿಡಿದು ಜನರಿಗೆ ತನ್ನನ್ನೇ ಪ್ರದರ್ಶಿಸಿಕೊಂಡ, ಕುದುರೆ ಲಾಯದಲ್ಲಿ ದುಡಿದ, ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಸಾರೋಟು ಹೊಡೆದ. ಗ್ರಂಥಗಳು ಚಿತ್ರಿಸುವಷ್ಟು ಹಾಳಾದ ಮನುಷ್ಯನಿಗೆ ಅದು ಸಾಧ್ಯವಿತ್ತೆಂದು ನನಗನ್ನಿಸುವುದಿಲ್ಲ. ಕೊನೆಗೆ ಅಪಸ್ಮಾರ ಕಾಣಿಸಿಕೊಂಡು 1860ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡ.

ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುವ ಕಾನೂನು ಜರ್ಮನಿಯಲ್ಲಿ 1884ರಲ್ಲಿ, ಇಂಗ್ಲೆಂಡಿನಲ್ಲಿ 1897ರಲ್ಲಿ ಬಂತು. ನಮ್ಮ ಕಾರ್ಮಿಕರ ಪರಿಹಾರ ಅಧಿನಿಯಮ 1923ರದು. ಅದರ ಮೊದಲ ಅನುಸೂಚಿಯ ಮೂಲ ರೂಪವನ್ನು ಓದುವಾಗ ಅಂಗಡಿಯ ದರಪಟ್ಟಿ ನೆನಪಾಗುತ್ತದೆ: ಮೊಣಕೈಯಿಂದ ಮೇಲೆ ಬಲತೋಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 70 ನಷ್ಟ, ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25 ಎಂದಿತ್ತು. ಎಡತೋಳಿನ ಬೆಲೆ ಆಗ ಬಲತೋಳಿಗಿಂತ ಕಡಿಮೆಯಿತ್ತು! ಮಿದುಳಿಗೆ ಅಲ್ಲಿ ಸಾಲೇ ಇರಲಿಲ್ಲ. ಗೇಜ್ ನಮ್ಮವನಾಗಿದ್ದರೆ ಅವನ ಕಣ್ಣಿಗೆ ಲೆಕ್ಕ ಸಿದ್ಧವಿರುತ್ತಿತ್ತು. ಆದರೆ ಅವನ ಕೆಲಸ ತಪ್ಪಿದ್ದು ಕಣ್ಣಿನಿಂದಲ್ಲ.

ಪಟ್ಟಿಯಲ್ಲಿಲ್ಲದ ಗಾಯಕ್ಕೂ ಗಳಿಕೆಯ ನಷ್ಟದಷ್ಟು ಪರಿಹಾರವುಂಟೆಂದು ಅದೇ ಅಧಿನಿಯಮ ಹೇಳಿತ್ತು. ಆ ನಷ್ಟವನ್ನು ವೈದ್ಯನು ಅಂದಾಜು ಮಾಡಬೇಕೆಂದು 1984ರ ತಿದ್ದುಪಡಿ ಸೇರಿಸಿತು. ತೊಡಕಿರುವುದು ರುಜುವಾತಿನಲ್ಲಿ. ಮುರಿದ ಮೂಳೆಯನ್ನು ಎಕ್ಸ್-ರೇ ತೋರಿಸೀತು. ಸಂಬಳದ ದಿನವನ್ನೇ ಮರೆಯುವವನ, ಮಕ್ಕಳ ಮೇಲೆ ಕಾರಣವಿಲ್ಲದೆ ಕೈಯೆತ್ತುವವನ ನಷ್ಟವನ್ನು ತೋರಿಸುವವರು ಯಾರು? ಅವನನ್ನು ಮೊದಲೂ ಅನಂತರವೂ ಬಲ್ಲವರೇ ನುಡಿಯಬೇಕು. ಗೇಜನ ಮಟ್ಟಿಗೆ ಅಂಥ ಸಾಕ್ಷಿ ಇತ್ತು: ಅವನನ್ನು ಒಮ್ಮೆ ಹೊಗಳಿ, ಆಮೇಲೆ ಬಾಗಿಲು ಮುಚ್ಚಿದ ಆ ಗುತ್ತಿಗೆದಾರರೇ.