ಕಾಗೆ ಒಯ್ಯದ ಚೆಂಡು

ಎಂಟು ತಿಂಗಳ ಕೂಸಿನ ಕೈಯಿಂದ ಮೊಬೈಲು ಬಿಡಿಸಿಕೊಂಡ ಅಜ್ಜಿ ಅದನ್ನು ಬೆನ್ನ ಹಿಂದೆ ಇಟ್ಟು, ಬರಿಗೈ ತಿರುಗಿಸಿ ತೋರಿಸಿ, 'ಹೋಯ್ತು! ಕಾಗೆ ಎತ್ಕೊಂಡು ಹೋಯ್ತು' ಎನ್ನುತ್ತಾಳೆ. ಕೂಸು ಒಂದು ಗಳಿಗೆ ಮೇಲೆ ನೋಡಿ ಸುಮ್ಮನಾಗುತ್ತದೆ. ಮೂರ್ನಾಲ್ಕು ತಿಂಗಳು ಕಳೆಯಲಿ, ಅದೇ ಕೂಸು ಅಂಬೆಗಾಲಿಟ್ಟು ಬಂದು ಸೀದಾ ಅಜ್ಜಿಯ ಬೆನ್ನ ಹಿಂದೆ ಕೈ ಹಾಕುತ್ತದೆ. ಕಾಗೆಯ ಕತೆ ಅಲ್ಲಿಗೆ ಮುಗಿಯಿತು. ಕಣ್ಣಿಗೆ ಕಾಣದಿದ್ದರೂ ವಸ್ತು ಎಲ್ಲೋ ಇದ್ದೇ ಇದೆ ಎಂಬ ಈ ತಿಳಿವಳಿಕೆಗೆ ಶಿಕ್ಷಣದ ಪುಸ್ತಕಗಳು ವಸ್ತು ಸ್ಥಿರತೆ ಎನ್ನುತ್ತವೆ. ಅದು ಮಗುವಿಗೆ ಯಾವಾಗ, ಹೇಗೆ ಬರುತ್ತದೆ ಎಂದು ವಿದ್ವಾಂಸರು ತೊಂಬತ್ತು ವರ್ಷಗಳಿಂದ ವಾದ ಮಾಡುತ್ತಿದ್ದಾರೆ. ಆ ವಾದದ ಒಂದು ತುಣುಕು ಮರದ ಪೆಟ್ಟಿಗೆಯಾಗಿ ಈಗ ಬೆಂಗಳೂರಿನ ನಮ್ಮ ಜಾಲಹಳ್ಳಿಯ ಮನೆಗಳಿಗೂ ಬಂದಿದೆ.

ಪೆಟ್ಟಿಗೆ ಬಹಳ ಸರಳ. ಮೇಲೆ ಒಂದು ದುಂಡು ತೂತು, ಮುಂದೆ ಅಂಚುಕಟ್ಟಿನ ತಟ್ಟೆ. ಮಗು ತೂತಿನಲ್ಲಿ ಚೆಂಡು ಹಾಕಿದರೆ ಅದು ಮಾಯವಾಗಿ, ಒಳಗಿನ ಇಳಿಜಾರಿನಲ್ಲಿ ಉರುಳಿ, ತಟ್ಟೆಗೆ ಬಂದು ನಿಲ್ಲುತ್ತದೆ. ಆನ್‌ಲೈನ್ ಅಂಗಡಿಗಳು ಇದನ್ನು ಮಾಂಟೆಸ್ಸರಿ ಪೆಟ್ಟಿಗೆ ಎಂದೇ ಮಾರುತ್ತವೆ. ಆದರೆ ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ ಈ ಪೆಟ್ಟಿಗೆಯನ್ನು ರೂಪಿಸಿದವರಲ್ಲ. ಅವರ ಹೆಸರಿನ ಪ್ರಸಿದ್ಧ ಸಾಮಗ್ರಿಗಳಾದ ಗುಲಾಬಿ ಗೋಪುರ, ಹಿಡಿಯುಳ್ಳ ಸಿಲಿಂಡರುಗಳು ಎಲ್ಲವೂ ಎರಡೂವರೆ ಮೂರು ವರ್ಷ ದಾಟಿದ ಮಕ್ಕಳಿಗಾಗಿ ಮಾಡಿದವು.

ಕತೆ ಶುರುವಾಗುವುದು ಜಿನೀವಾದ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆಯಿಂದ. ತನ್ನ ಮೂವರು ಮಕ್ಕಳ ಮುಂದೆ ಗಡಿಯಾರ, ನಾಣ್ಯ, ಆಟಿಕೆಗಳನ್ನು ಬಟ್ಟೆಯಡಿ ಬಚ್ಚಿಟ್ಟು ಅವರು ಏನು ಮಾಡುತ್ತಾರೆಂದು ಬರೆದಿಟ್ಟ ಪಿಯಾಜೆ, 1937ರಲ್ಲಿ ಆ ಟಿಪ್ಪಣಿಗಳನ್ನು ಪುಸ್ತಕ ಮಾಡಿದ. ಹತ್ತು ತಿಂಗಳು ಹದಿನೆಂಟು ದಿನದ ಮಗಳು ಜಾಕ್ಲೀನಳ ಪ್ರಸಂಗ ಅದರಲ್ಲಿದೆ. ಆಕೆಯ ಗಿಳಿಯಾಟಿಕೆಯನ್ನು ಹಾಸಿಗೆಯ ಎಡಗಡೆ ಎರಡು ಸಲ ಅಡಗಿಸಿದಾಗ ಆಕೆ ತೆಗೆದುಕೊಂಡಳು. ಮೂರನೆಯ ಸಲ ಆಕೆ ನೋಡುತ್ತಿದ್ದಂತೆಯೇ ಬಲಗಡೆ ಅಡಗಿಸಿದರೆ, ಹುಡುಕಿದ್ದು ಮತ್ತೆ ಎಡಗಡೆಯೇ.

ಅದಕ್ಕೆ ಒಂದು ವರ್ಷ ಮೊದಲು, 1936ರಲ್ಲಿ ಬಂದ 'ದಿ ಸೀಕ್ರೆಟ್ ಆಫ್ ಚೈಲ್ಡ್‌ಹುಡ್' ಪುಸ್ತಕದಲ್ಲಿ ಮಾಂಟೆಸ್ಸರಿ ಪಿಯಾಜೆಯ ಇಂಥದ್ದೇ ಒಂದು ಪ್ರಯೋಗವನ್ನು ವಿವರಿಸುತ್ತಾರೆ. ಕುರ್ಚಿಯೊಂದರ ದಿಂಬಿನಡಿ ಇಟ್ಟ ವಸ್ತುವನ್ನು ಪಿಯಾಜೆ ಎದುರು ಕುರ್ಚಿಯ ದಿಂಬಿನಡಿಗೆ ಸಾಗಿಸುತ್ತಾನೆ. ಇದನ್ನು ನೋಡುತ್ತಿದ್ದ ಅವನ ಮಗ ಮೊದಲ ದಿಂಬನ್ನಷ್ಟೇ ಎತ್ತಿ ನೋಡಿ ಇಲ್ಲ ಎನ್ನುತ್ತಾನೆ. ಇಲ್ಲಿಟ್ಟದ್ದನ್ನು ನೀನೇ ನೋಡಲಿಲ್ಲವೇ ಎಂದು ಅಪ್ಪ ಕೇಳಿದರೆ, ನೋಡಿದೆ, ಆದರೆ ಅದು ಇರಬೇಕಾದ್ದು ಆ ಕುರ್ಚಿಯಲ್ಲಿ ಎಂದು ಮೊದಲಿನದನ್ನೇ ತೋರಿಸುತ್ತಾನೆ. ಮಾಂಟೆಸ್ಸರಿಗೆ ಈ ಉತ್ತರದಲ್ಲಿ ದಡ್ಡತನ ಕಾಣಲಿಲ್ಲ. ಮಗು ಹುಡುಕುತ್ತಿದ್ದುದು ವಸ್ತುವಿನ ಜೊತೆಗೆ ಅದರ ಜಾಗವನ್ನು, ಎಲ್ಲವೂ ತನ್ನ ತಾಣದಲ್ಲಿ ಸಿಗುವ ಸುಖವನ್ನು. ಸಣ್ಣ ಮಕ್ಕಳು ಕಣ್ಣಾಮುಚ್ಚಾಲೆಯಲ್ಲಿ ಮತ್ತೆ ಮತ್ತೆ ಒಂದೇ ಮೇಜಿನಡಿ ಅಡಗುವುದು, ಸಿಕ್ಕಾಗ ಕೇಕೆ ಹಾಕುವುದು ಇದಕ್ಕೇ ಎಂದು ಅವರು ಬರೆದರು. ನನಗೆ ಈ ಓದು ಇಂದಿಗೂ ಹೆಚ್ಚು ಹಿಡಿಸುತ್ತದೆ. ಪಿಯಾಜೆ ಆಗ ಸ್ವಿಸ್ ಮಾಂಟೆಸ್ಸರಿ ಸಂಘದ ಅಧ್ಯಕ್ಷನೂ ಆಗಿದ್ದವನು. ಒಂದೇ ಹುಡುಗನ ಒಂದೇ ಮಾತನ್ನು ಇಬ್ಬರೂ ಹೀಗೆ ಬೇರೆ ಬೇರೆಯಾಗಿ ಕೇಳಿಸಿಕೊಂಡರು.

1939ರ ನವೆಂಬರಿನಲ್ಲಿ ಮಾಂಟೆಸ್ಸರಿ ಮದರಾಸಿನ ಅಡ್ಯಾರ್‌ಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಶತ್ರುದೇಶದ ಪ್ರಜೆಯೆಂದು ಅವರ ಓಡಾಟಕ್ಕೆ ನಿರ್ಬಂಧ ಬಿತ್ತು. ಮಗ ಮಾರಿಯೋ ಕೆಲಕಾಲ ಸೆರೆಯಲ್ಲಿದ್ದ. ಆ ವರ್ಷಗಳಲ್ಲಿ ಅಡ್ಯಾರ್, ಕೊಡೈಕೆನಾಲ್, ಅಹಮದಾಬಾದುಗಳಲ್ಲಿ ಅವರು ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು. ಹುಟ್ಟಿನಿಂದ ಮೂರು ವರ್ಷದವರೆಗಿನ ಕಾಲವೇ ಎಲ್ಲಕ್ಕಿಂತ ಮುಖ್ಯ ಎಂಬ ಅವರ ನಿಲುವು ಗಟ್ಟಿಯಾದದ್ದೂ ಇಲ್ಲಿಯೇ. ಅಹಮದಾಬಾದಿನ ಉಪನ್ಯಾಸಗಳಿಂದ ಮೂಡಿದ 'ದಿ ಅಬ್ಸಾರ್ಬೆಂಟ್ ಮೈಂಡ್' 1949ರಲ್ಲಿ ಅಡ್ಯಾರ್‌ನಲ್ಲೇ ಅಚ್ಚಾಯಿತು. ಅವರ ನಂತರ ಡಚ್ ಶಿಷ್ಯ ಆಲ್ಬರ್ಟ್ ಯೋಸ್ಟನ್ ಇಲ್ಲಿನ ತರಬೇತಿಯನ್ನು ದಶಕಗಳ ಕಾಲ ಮುಂದುವರಿಸಿದರು. ಬೆಂಗಳೂರಿನಲ್ಲಿ ಮಾಂಟೆಸ್ಸರಿ ಹೆಸರು ಎಷ್ಟು ಬೇರೂರಿತೆಂದರೆ, ಎಲ್‌ಕೆಜಿ, ಯುಕೆಜಿ ಬದಲು ಮಾಂಟ್-1, ಮಾಂಟ್-2 ಎನ್ನುವ ಶಾಲೆಗಳು ಬೀದಿಗೊಂದಿವೆ. ಆದರೆ ಆ ಶಾಲೆಗಳ ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ಪೆಟ್ಟಿಗೆಯ ವಯಸ್ಸು ಮುಗಿದಿರುತ್ತದೆ.

ಪೆಟ್ಟಿಗೆಯ ಮನೆತನ ರೋಮ್‌ನದು. ಮಾಂಟೆಸ್ಸರಿಯ ಹಳೆಯ ಶಿಷ್ಯೆ ಅದೆಲೆ ಕೋಸ್ತಾ ನ್ಯೋಕ್ಕಿ 1947ರಲ್ಲಿ ಅಲ್ಲಿ ಹಸುಗೂಸುಗಳ ಆರೈಕೆಗೆಂದೇ ಒಂದು ತರಬೇತಿ ಶಾಲೆ ತೆರೆದರು. ಮುಂದೆ ವೈದ್ಯೆ ಸಿಲ್ವಾನಾ ಮೊಂತನಾರೋ ಮೊದಲಾದವರು ಬೆಳೆಸಿದ ಈ ಪರಂಪರೆಯಲ್ಲಿ ಒಂದು ವರ್ಷದ ಆಸುಪಾಸಿನ ಮಕ್ಕಳ ಸಾಮಗ್ರಿಗಳು ರೂಪ ಪಡೆದವು. ಮೊದಲು ತಟ್ಟೆಯ ಪೆಟ್ಟಿಗೆ. ಆಮೇಲೆ ಚೆಂಡು ತಾನಾಗಿ ಹೊರಬಾರದ, ಮಗುವೇ ಎಳೆದು ತೆಗೆಯಬೇಕಾದ ಡ್ರಾಯರಿನ ಪೆಟ್ಟಿಗೆ. ಅದಾದ ಮೇಲೆ ಸಿಲಿಂಡರು, ಘನ, ಬಿಲ್ಲೆ ತೂರಿಸುವವು. ಇವಕ್ಕೆ ಇಂಬುಕಾರೆ ಎನ್ನುತ್ತಾರೆ. ಕಾಗದವನ್ನು ಅಂಚೆಡಬ್ಬಿಗೆ ಹಾಕುವುದಕ್ಕೆ ಇಟಲಿಯವರು ಆಡುವ ಮಾತು ಅದು.

ಅತ್ತ ಪ್ರಯೋಗಾಲಯಗಳಲ್ಲಿ, ಬಚ್ಚಿಟ್ಟದ್ದನ್ನು ಹುಡುಕದ ಕೂಸಿಗೆ ಅದು ಇದೆಯೆಂದೇ ಗೊತ್ತಿಲ್ಲ ಎಂಬ ಪಿಯಾಜೆಯ ಲೆಕ್ಕವೇ ಬುಡಮೇಲಾಗುತ್ತಿತ್ತು. ರೆನೆ ಬೈಯಾರ್ಜಾನ್ ಮತ್ತು ಸಂಗಡಿಗರು 1985ರಲ್ಲಿ ಐದು ತಿಂಗಳ ಕೂಸುಗಳಿಗೆ ಒಂದು ಮಡಚುವ ಪರದೆ ತೋರಿಸಿದರು. ಹಿಂದೆ ಡಬ್ಬಿಯಿದ್ದರೂ ಪರದೆ ಪೂರ್ತಿ ಹಿಂದಕ್ಕೆ ಮಲಗಿದಾಗ ಕೂಸುಗಳು ಹೆಚ್ಚು ಹೊತ್ತು ದಿಟ್ಟಿಸಿದವು. ಅಂದರೆ ಮರೆಯಾದ ಡಬ್ಬಿ ಅವುಗಳ ಲೆಕ್ಕದಲ್ಲಿತ್ತು. ನೋಟದ ಅವಧಿಯಿಂದ ಇಷ್ಟು ಹೇಳಬಹುದೇ ಎಂಬ ತಕರಾರು ಇನ್ನೂ ನಿಂತಿಲ್ಲ. ಅದೇ 1985ರಲ್ಲಿ ಅಡೆಲ್ ಡೈಮಂಡ್ ತೋರಿಸಿದ್ದು ಇನ್ನೊಂದು ಮುಖ: ಅಡಗಿಸುವುದಕ್ಕೂ ಹುಡುಕಲು ಬಿಡುವುದಕ್ಕೂ ನಡುವೆ ಮಗು ತಡೆದುಕೊಳ್ಳಬಲ್ಲ ಅಂತರ ತಿಂಗಳಿಗೆ ಸುಮಾರು 2 ಸೆಕೆಂಡಿನಂತೆ ಬೆಳೆಯುತ್ತದೆ. ಕಣ್ಣು ಬಲ್ಲದ್ದನ್ನು ಕೈ ಮಾಡಲು ನೆನಪೂ ಬೇಕು, ಹಳೆಯ ರೂಢಿಯನ್ನು ತಡೆಯುವ ಹಿಡಿತವೂ ಬೇಕು. ಹಾಗಾಗಿ ಪೆಟ್ಟಿಗೆ ವಸ್ತು ಸ್ಥಿರತೆಯನ್ನು 'ಕಲಿಸುತ್ತದೆ' ಎಂಬ ಜಾಹೀರಾತಿನ ಮಾತನ್ನು ನಾನು ಒಪ್ಪಲಾರೆ. ಮಗುವಿಗೆ ಆಗಲೇ ಇರುವ ಊಹೆಯನ್ನು ಕೈಯಿಂದ ನೂರು ಸಲ ಪರೀಕ್ಷಿಸಲು ಅದು ಎಡೆ ಮಾಡಿಕೊಡುತ್ತದೆ. ಅಷ್ಟೇ ಅದಕ್ಕೆ ಸಲ್ಲುವ ಹೊಗಳಿಕೆ, ಅದೇನೂ ಕಡಿಮೆಯದಲ್ಲ.

ನಮ್ಮ ಮನೆಯ ಪೆಟ್ಟಿಗೆ ಮಾಡಿಕೊಟ್ಟವರು ಎಚ್‌ಎಂಟಿ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು ನಿವೃತ್ತರಾದ ನೆರೆಯವರು, ಬೀದಿಯ ಮಕ್ಕಳಿಗೆಲ್ಲ ತಾತ. ಐದು ಸೆಂಟಿಮೀಟರಿನ ಚೆಂಡಿಗೆ ಐದೂವರೆಯ ತೂತು ಕೊರೆದು, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಕೆನ್ನೆಗೆ ಒತ್ತಿ ನೋಡಿದರು. 'ಟೈಟ್ ಆದ್ರೆ ಮಗುಗೆ ಸಿಟ್ಟು ಬರುತ್ತೆ ಮೇಡಂ, ಲೂಸ್ ಆದ್ರೆ ಆಟಾನೇ ಇರಲ್ಲ' ಎಂದರು. ಹತ್ತು ತಿಂಗಳ ಮೊಮ್ಮಗಳು ಮೊದಲ ದಿನ ಚೆಂಡು ಹಾಕಿ ತೂತಿನೊಳಗೇ ಇಣುಕುತ್ತ ಕೂತಳು. ತಟ್ಟೆಯಲ್ಲಿ ನಿಂತ ಚೆಂಡು ಅವಳಿಗೆ ಬೇರೆಯೇ ಚೆಂಡು. ನಾಲ್ಕನೆಯ ದಿನ ಉರುಳುವ ಸದ್ದಿಗೆ ತಲೆ ತಿರುಗಿತು. ಒಂಬತ್ತನೆಯ ದಿನ ಚೆಂಡು ಬೀಳುವ ಮೊದಲೇ ಎಡಗೈ ತಟ್ಟೆಯಲ್ಲಿ ಕಾಯುತ್ತಿತ್ತು.

ಇಷ್ಟಕ್ಕೆ ದುಬಾರಿ ಸಾಮಾನೇ ಬೇಕೆಂದಿಲ್ಲ. ಹಾಲಿನ ಪುಡಿಯ ಡಬ್ಬದ ಮುಚ್ಚಳ ಕೊರೆದರೂ ಸಾಕು. ಬಿದ್ದಾಗ ಟಣ್ ಎನ್ನುವ ಸದ್ದು ಮರದ ಪೆಟ್ಟಿಗೆಗೆ ಬಾರದು. ಚೆಂಡು ಮಾತ್ರ ನಾಲ್ಕೂವರೆ ಸೆಂಟಿಮೀಟರಿಗಿಂತ ಚಿಕ್ಕದಿರಬಾರದು, ಗಂಟಲಿಗೆ ಸಿಕ್ಕೀತು. ಅಂಗಡಿಯ ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಭೌಗೋಳಿಕ ಗುರುತು ಪಡೆದ ಚನ್ನಪಟ್ಟಣದಂಥ ಕರಕುಶಲ ಆಟಿಕೆಗಳಿಗೆ ವಿನಾಯಿತಿಯಿದೆ. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಆ ಕೈಗಳು ಇಂಥ ಚೆಂಡಿಗೆ ಹೇಳಿ ಮಾಡಿಸಿದವು.

ಇನ್ನು ಪೆಟ್ಟಿಗೆಯೊಳಗೆ ಹಿಡಿಸದ ಮಾತು. ಸಿಲ್ವಿಯಾ ಬೆಲ್ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚಿನ ಕೂಸುಗಳು ಮರೆಯಾದ ಆಟಿಕೆಗಿಂತ ಮೊದಲು ಮರೆಯಾದ ಅಮ್ಮನನ್ನು ಹುಡುಕಲು ಕಲಿತಿದ್ದವು. ತಾಯಿಯೊಂದಿಗಿನ ನಂಟು ನೆಮ್ಮದಿಯದ್ದಾಗಿದ್ದರೆ ಹಾಗೆ. ತಾಯಂದಿರು ಕೆಲಸಕ್ಕೆ ಹೋಗುವ ಪೀಣ್ಯ, ಜಾಲಹಳ್ಳಿಯ ಮನೆಗಳಿಗೆ ಇದು ನೇರ ತಟ್ಟುವ ವಿಷಯ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೇರಿತು. 50 ಅಥವಾ ಹೆಚ್ಚು ನೌಕರರು ಇರುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಎಂದಾಯಿತು. ಆದರೂ ತಾಯಿ ಕೆಲಸಕ್ಕೆ ಮರಳುವುದು ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ. ಇನ್ನೆರಡು ಮೂರು ತಿಂಗಳಿಗೆ ಅಗಲಿಕೆಯ ಅಳು ಶುರುವಾಗುತ್ತದೆ, ಅಮ್ಮ ಎಲ್ಲೋ ಇದ್ದಾಳೆ ಎಂದು ಈಗ ಅದಕ್ಕೆ ಗೊತ್ತಲ್ಲ!

ನನ್ನ ಮಗಳು ಬೆಳಗಿನ ಪಾಳಿಗೆ ಹೊರಡುವಾಗ ಮೊದಲ ವಾರ ನಾನೇ ಹೇಳಿಕೊಟ್ಟೆ, 'ಪಾಪೂನ ಅಡುಗೆಮನೆಗೆ ಕರ್ಕೊಂಡು ಹೋಗ್ತೀನಿ, ನೀನು ಸದ್ದಿಲ್ದೆ ಹೊರಟುಬಿಡು' ಎಂದು. ಅಮ್ಮನನ್ನೂ ಕಾಗೆಗೆ ಕೊಟ್ಟಂತಾಯಿತು. ಮಗು ದಿನವಿಡೀ ನನ್ನ ಸೆರಗು ಬಿಡಲಿಲ್ಲ, ನಾನು ಬಚ್ಚಲಿಗೆ ಹೋದರೂ ಅಳು. ಎರಡನೆಯ ವಾರದಿಂದ ಮಗಳು ಎದುರಿಗೇ ಟಾಟಾ ಹೇಳಿ, ಬಾಗಿಲು ಹಾಕಿ, ಒಮ್ಮೆ ತೆರೆದು ಮುಖ ತೋರಿಸಿ ಹೊರಡತೊಡಗಿದಳು. ಅಳು ನಿಲ್ಲಲಿಲ್ಲ, ಐದು ನಿಮಿಷಕ್ಕೆ ಇಳಿಯಿತು. ಆಮೇಲೆ ಮೊಮ್ಮಗಳು ಪೆಟ್ಟಿಗೆಯ ಹತ್ತಿರ ಹೋಗಿ ಕೂರುತ್ತಾಳೆ. ಸಂಜೆ ಗೇಟಿನ ಚಿಲಕದ ಸದ್ದಾದರೆ ಚೆಂಡನ್ನು ಅಲ್ಲೇ ಬಿಟ್ಟು ಬಾಗಿಲ ಕಡೆಗೆ ಹೊರಡುತ್ತಾಳೆ.