ಹೊಳೆಯುವ ಕಣ್ಣಿನ ಮೀನು

ಉತ್ತರ ಅಮೆರಿಕದ ಸಿಹಿನೀರಿನ ಸರೋವರಗಳಲ್ಲಿ ವಾಲ್-ಐ ಎಂಬ ಮೀನೊಂದಿದೆ. ಹೆಸರಿನ ‘ವಾಲ್’ಗೂ ಗೋಡೆಗೂ ಸಂಬಂಧವಿಲ್ಲ, ಬೆಳ್ಳಗಾದ ಕಣ್ಣುಳ್ಳ ಕುದುರೆಯನ್ನು ಕುರಿತು ಇಂಗ್ಲಿಷಿನಲ್ಲಿದ್ದ ಹಳೆಯ ಮಾತೊಂದು ಈ ಮೀನಿಗೂ ಅಂಟಿಕೊಂಡಿತು. ಇದರ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿ ಎಸೆಯುವ ಪದರವಿದೆ. ಇರುಳಿನಲ್ಲಿ ದೀಪ ಹಿಡಿದರೆ ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಮಸುಕಿನಲ್ಲಿ ಬೇಟೆಯಾಡುವುದಕ್ಕೆ ಪ್ರಕೃತಿ ಕೊಟ್ಟ ಈ ವರವೇ ಮೀನಿಗೆ ಮುಳುವೂ ಆಗಿದೆ. ಮನುಷ್ಯನು ಅದನ್ನು ಹಿಡಿಯಲು ಕಲಿತ ಎರಡು ವಿಧಾನಗಳು ಈ ಕಣ್ಣಿನ ಗುಣವನ್ನೇ ಆಶ್ರಯಿಸಿವೆ. ಒಂದು ವಿನೋದಕ್ಕೆ, ಇನ್ನೊಂದು ಹೊಟ್ಟೆಗೆ. ಇವೆರಡೂ ಒಂದೇ ದಂಡೆಯ ಮೇಲೆ ಎದುರುಬದುರಾದಾಗ ಏನಾಯಿತೆಂಬುದು ನಮ್ಮ ಕಾಲಕ್ಕೇ ಸೇರಿದ ಚರಿತ್ರೆ.

ವಿನೋದದ ವಿಧಾನವನ್ನು ಮೊದಲು ನೋಡೋಣ. ಇಂಥ ಕಣ್ಣಿನ ಮೀನಿಗೆ ಪ್ರಖರವಾದ ಬಿಸಿಲು ಒಗ್ಗುವುದಿಲ್ಲ. ಬೇಸಗೆಯ ಹಗಲಿನಲ್ಲಿ ಅದು ಆಳಕ್ಕೆ ಇಳಿಯುತ್ತದೆ. ಅಲ್ಲಿಗೆ ಗಾಳವನ್ನು ಮುಟ್ಟಿಸುವುದಕ್ಕೆ ಹಿಂದೆ ಕೆಲವು ಕಡೆ ತಾಮ್ರದ ತಂತಿಯನ್ನೇ ಬಿಡುತ್ತಿದ್ದರು. ಆಮೇಲೆ ಬಂದದ್ದು ಲೆಡ್‌ಕೋರ್, ಎಂದರೆ ನೈಲಾನಿನಂಥ ಹೆಣೆದ ಎಳೆಯ ಒಳಗೆ ಸೀಸದ ತಿರುಳುಳ್ಳ ನೂಲು. 10 ಗಜಕ್ಕೊಮ್ಮೆ ಅದರ ಬಣ್ಣ ಬದಲಾಗುತ್ತದೆ. ಗಾಳಗಾರರು ಗಜದ ಮಾತೇ ಆಡುವುದಿಲ್ಲ; ‘ಐದು ಬಣ್ಣ ಬಿಟ್ಟಿದ್ದೇನೆ’ ಎನ್ನುತ್ತಾರೆ. ಒಂದು ಬಣ್ಣಕ್ಕೆ ಸುಮಾರು 5-6 ಅಡಿ ಆಳವೆಂದು ಲೆಕ್ಕ. ದೋಣಿಯನ್ನು ಮೆಲ್ಲಗೆ ನಡೆಸುತ್ತ ನೂಲನ್ನು ಹಿಂದೆ ಎಳೆದುಕೊಂಡು ಹೋಗುವ ಈ ಕ್ರಮಕ್ಕೆ ಟ್ರೋಲಿಂಗ್ ಎಂದು ಹೆಸರು. ವೇಗ ಹೆಚ್ಚಿದರೆ ನೂಲು ಮೇಲೇಳುತ್ತದೆ, ತಗ್ಗಿದರೆ ಮುಳುಗುತ್ತದೆ. ದೋಣಿ ತಿರುಗಿದಾಗ ಒಳಮಗ್ಗುಲಿನ ನೂಲು ಇಳಿಯುತ್ತದೆ, ಹೊರಮಗ್ಗುಲಿನದು ಏರುತ್ತದೆ. ಯಾವುದಕ್ಕೆ ಮೀನು ಕಚ್ಚಿತೋ ಅದರಿಂದ ಆಳವನ್ನು ಊಹಿಸುವವನೇ ಜಾಣ. ನೂಲಿನ ತುದಿಯಲ್ಲಿ ಎರೆಹುಳುವಿಲ್ಲ, ಹಿಟ್ಟಿನ ಉಂಡೆಯೂ ಇಲ್ಲ. ಅಲ್ಲಿರುವುದು ಕ್ರ್ಯಾಂಕ್‌ಬೈಟ್: ಮರದ್ದೋ ಪ್ಲಾಸ್ಟಿಕ್ಕಿನದೋ ಆದ ಹುಸಿಮೀನು. ಅದರ ಮೂತಿಗೆ ಸಿಕ್ಕಿಸಿದ ತುಟಿಯಂಥ ತಗಡು ನೀರನ್ನು ತಳ್ಳುವುದರಿಂದ ಅದು ಓಲಾಡುತ್ತ ಕೆಳಗಿಳಿಯುತ್ತದೆ.

ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಗಾಳ, ನೂಲು, ಮೀನಿಗೆ ಹಾಕುವ ಆಹಾರ ಎಲ್ಲವನ್ನೂ ರಾಜನು ಶ್ರದ್ಧೆಯಿಂದ ವಿವರಿಸಿದ್ದಾನೆ. ಆ ವಿನೋದದಲ್ಲಿ ಮೀನಿಗೆ ಒಂದು ತುತ್ತಾದರೂ ದಕ್ಕುತ್ತಿತ್ತು. ಇಲ್ಲಿ ಅದೂ ಇಲ್ಲ.

ಆದರೆ ಈ ಹುಸಿಮೀನುಗಳ ವಂಶದಲ್ಲಿ ಅತ್ಯಂತ ಹೆಸರಾದ ಒಂದು ಹುಟ್ಟಿದ್ದು ವಿನೋದಕ್ಕಲ್ಲ, ಬಡತನದಿಂದ. ಫಿನ್‌ಲೆಂಡಿನ ಲೌರಿ ರಾಪಲಾ (1905–1974) ಸರೋವರದಲ್ಲಿ ಮೀನು ಹಿಡಿದು ಸಂಸಾರ ಸಾಗಿಸುತ್ತಿದ್ದವನು. ದೊಡ್ಡ ಮೀನು ಸಣ್ಣ ಮೀನುಗಳ ಹಿಂಡಿಗೆ ನುಗ್ಗುವಾಗ ಓರೆಯಾಗಿ, ತೂರಾಡುತ್ತ ಈಜುವ ನಿತ್ರಾಣದ ಮೀನನ್ನೇ ಆರಿಸಿಕೊಳ್ಳುವುದನ್ನು ಆತ ಕಂಡಿದ್ದ. ಆ ತೂರಾಟವನ್ನೇ ಅನುಕರಿಸಲು 1936ರಲ್ಲಿ ಬೆಂಡನ್ನು ಕೆತ್ತಿ, ಮೇಲೆ ತೆಳುವಾದ ತಗಡಿನ ಹಾಳೆ ಸುತ್ತಿ, ಅರಗು ಸಿಗದೆ ಹಳೆಯ ಫೋಟೋ ನೆಗೆಟಿವುಗಳನ್ನು ಕರಗಿಸಿ ಲೇಪಿಸಿದ. ದಿನವೂ ನೂರಾರು ಗಾಳಗಳಿಗೆ ಎರೆ ಚುಚ್ಚುವ ಶ್ರಮ ಉಳಿಯಬೇಕು ಎಂಬಷ್ಟೇ ಅವನ ಆಸೆ. 1959ರ ಹೊತ್ತಿಗೆ ಅದು ಅಮೆರಿಕದ ಮಿನಿಯಾಪೊಲಿಸ್ ಪಟ್ಟಣದ ವರ್ತಕರ ಕಣ್ಣಿಗೆ ಬಿತ್ತು. 1962ರ ಆಗಸ್ಟಿನಲ್ಲಿ ‘ಲೈಫ್’ ಪತ್ರಿಕೆ ಅದನ್ನು ಕುರಿತು ಬರೆಯಿತು. ಮರ್ಲಿನ್ ಮನ್ರೋ ತೀರಿಕೊಂಡ ವಾರಗಳವು; ಮುಖಪುಟದಲ್ಲಿ ಅವಳ ಚಿತ್ರವಿದ್ದ ಆ ಸಂಚಿಕೆಯನ್ನು ದೇಶವೆಲ್ಲ ಓದಿತು. ಬಡ ಬೆಸ್ತನ ಉಪಾಯ ಹೀಗೆ ಅನುಕೂಲಸ್ಥರ ರಜಾದಿನದ ಸಾಮಗ್ರಿಯಾಯಿತು.

ಇನ್ನು ಎರಡನೆಯ ವಿಧಾನ. ವಿಸ್ಕಾನ್ಸಿನ್, ಮಿನ್ನೆಸೋಟಾ ಪ್ರಾಂತ್ಯಗಳ ಮೂಲನಿವಾಸಿಗಳಾದ ಒಜಿಬ್ವೆ ಜನ ಈ ಮೀನನ್ನು ‘ಓಗಾ’ ಎನ್ನುತ್ತಾರೆ. ವಸಂತದಲ್ಲಿ ಹಿಮ ಕರಗಿದ ಕೂಡಲೆ ಮೀನು ಮೊಟ್ಟೆಯಿಡಲು ದಡದ ತೆಳುನೀರಿಗೆ ಬರುತ್ತದೆ. ಆಗ ಇರುಳಿನಲ್ಲಿ ಪಂಜು ಹಿಡಿದು ದೋಣಿಯಲ್ಲಿ ಹೋಗಿ, ಹೊಳೆಯುವ ಕಣ್ಣಿಗೆ ಗುರಿಯಿಟ್ಟು ಈಟಿಯಿಂದ ತಿವಿಯುವುದು ಅವರ ಪದ್ಧತಿ. ಇದನ್ನು ಕಂಡ ಫ್ರೆಂಚ್ ವ್ಯಾಪಾರಿಗಳು ಒಂದು ಊರಿಗೆ ‘ಪಂಜಿನ ಸರೋವರ’ವೆಂಬ ಅರ್ಥದಲ್ಲಿ ಲ್ಯಾಕ್ ಡು ಫ್ಲಾಂಬೋ ಎಂದು ಕರೆದರು, ಇಂದಿಗೂ ಅದೇ ಹೆಸರು.

1837ರಲ್ಲಿಯೂ 1842ರಲ್ಲಿಯೂ ಈ ಜನ ಒಪ್ಪಂದಗಳಿಗೆ ಸಹಿ ಹಾಕಿ ಅಪಾರವಾದ ಭೂಮಿಯನ್ನು ಸರಕಾರಕ್ಕೆ ಬಿಟ್ಟುಕೊಟ್ಟರು. ಸರಕಾರಕ್ಕೆ ಬೇಕಾಗಿದ್ದದ್ದು ಪೈನ್ ಮರ, ಅದಿರು. ಬೇಟೆಯ ಮತ್ತು ಮೀನಿನ ಹಕ್ಕನ್ನು ಮಾತ್ರ ಅವರು ತಮ್ಮಲ್ಲಿ ಉಳಿಸಿಕೊಂಡರು. ಭೂಮಿ ಕೈಬಿಟ್ಟದ್ದನ್ನು ಎಲ್ಲರೂ ನೆನಪಿಟ್ಟರು, ಹಕ್ಕು ಉಳಿದದ್ದನ್ನು ಮರೆತರು. ಮೀಸಲು ಪ್ರದೇಶದ ಗೆರೆ ದಾಟಿ ಮೀನು ಹಿಡಿದವರ ಮೇಲೆ ಕಳ್ಳಬೇಟೆಯ ಆರೋಪ ಹೊರಿಸುವುದು ವಾಡಿಕೆಯಾಯಿತು. 1974ರಲ್ಲಿ ಇಬ್ಬರು ಒಜಿಬ್ವೆ ಸಹೋದರರು ಬೇಕೆಂದೇ ಆ ಗೆರೆ ದಾಟಿ, ಹೆಪ್ಪುಗಟ್ಟಿದ ಸರೋವರದಲ್ಲಿ ಮೀನು ತಿವಿದು ಬಂಧನಕ್ಕೊಳಗಾದರು. ಮೊಕದ್ದಮೆ ನಡೆದು 1983ರಲ್ಲಿ ಮೇಲ್ಮನವಿ ನ್ಯಾಯಾಲಯವು ಹಳೆಯ ಒಪ್ಪಂದದ ಹಕ್ಕು ಜೀವಂತವಾಗಿದೆ ಎಂದು ತೀರ್ಪಿತ್ತಿತು.

ಆಮೇಲೆ ನಡೆದದ್ದು ನಾಚಿಕೆಗೇಡು. 1980ರ ದಶಕದ ಕೊನೆಯ ವರ್ಷಗಳಲ್ಲಿ ವಸಂತ ಬಂದಿತೆಂದರೆ ವಿಸ್ಕಾನ್ಸಿನ್ನಿನ ದೋಣಿಕಟ್ಟೆಗಳಲ್ಲಿ ಗುಂಪು ಸೇರುತ್ತಿತ್ತು. ಮೀನು ತಿವಿಯಲು ಹೊರಟವರ ಮೇಲೆ ಕಲ್ಲು ತೂರಿದರು. ಮೀನನ್ನು ಉಳಿಸಿ, ಇಂಡಿಯನನನ್ನು ತಿವಿಯಿರಿ ಎಂಬರ್ಥದ ಫಲಕಗಳನ್ನು ಹಿಡಿದರು. ಮೊಟ್ಟೆಯಿಡುವ ಮೀನನ್ನು ಕೊಂದರೆ ಸಂತತಿ ಅಳಿಯುತ್ತದೆ, ಪ್ರವಾಸಿಗಳು ಬರುವುದಿಲ್ಲ, ಊರಿನ ವ್ಯಾಪಾರ ಹಾಳಾಗುತ್ತದೆ ಎಂಬುದು ಅವರ ವಾದ. ಈ ಭಯವನ್ನು ಪೂರ್ತಿ ಕಪಟವೆನ್ನಲಾಗದು. ಸರೋವರದ ಸುತ್ತಣ ಸಣ್ಣ ಊರುಗಳ ಜೀವನ ರಜೆಗೆ ಬರುವ ಗಾಳಗಾರರನ್ನೇ ನಂಬಿತ್ತು. ಆದರೆ ಆ ಫಲಕವನ್ನು ಬರೆದದ್ದು ಭಯವಲ್ಲ.

1991ರಲ್ಲಿ ನ್ಯಾಯಾಲಯವು ದಾಂಧಲೆಗೆ ತಡೆ ಹಾಕಿತು. ಅದೇ ವರ್ಷ ಸರಕಾರಗಳೂ ಒಜಿಬ್ವೆ ಪಂಗಡಗಳೂ ಕೂಡಿ ನಡೆಸಿದ ಪರಿಶೀಲನೆಯ ವರದಿ ಬಂತು: ಈಟಿಯಿಂದ ಮೀನಿನ ಸಂತತಿಗೆ ಹಾನಿಯಾಗಿಲ್ಲ, ಹಿಡಿಯುವ ಮೀನಿನಲ್ಲಿ ಬಹುಪಾಲು ಗಾಳದವರದೇ. ಮಿನ್ನೆಸೋಟಾದ ಮಿಲ್ ಲ್ಯಾಕ್ಸ್ ಸರೋವರದ ಪ್ರಕರಣ ಸುಪ್ರೀಮ್ ಕೋರ್ಟಿನವರೆಗೆ ಹೋಗಿ, 1999ರಲ್ಲಿ 5–4ರ ಬಹುಮತದಿಂದ ಒಜಿಬ್ವೆಗಳ ಪರವಾಯಿತು.

ಈಗ ಪಂಜಿನ ಬದಲು ತಲೆಗೆ ವಿದ್ಯುದ್ದೀಪ ಬಂದಿದೆ. ವಿಸ್ಕಾನ್ಸಿನ್ನಿನಲ್ಲಿ ಸರೋವರಕ್ಕೆ ಇಷ್ಟು ಮೀನು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಇರುಳಿನಲ್ಲಿ ದೋಣಿ ದಡಕ್ಕೆ ಬಂದಾಗ ಕಾದು ನಿಂತವರು ಈಟಿಯವರ ಮೀನನ್ನು ಒಂದೂ ಬಿಡದೆ ಎಣಿಸಿ ಬರೆದುಕೊಳ್ಳುತ್ತಾರೆ. ಹಗಲಿನಲ್ಲಿ ಸೀಸದ ನೂಲು ಬಿಟ್ಟು ಹಿಡಿದವರ ಮೀನಿಗೆ ಇಂಥ ಎಣಿಕೆಯಿಲ್ಲ. ಅಲ್ಲಲ್ಲಿ ವಿಚಾರಿಸಿ ಅಂದಾಜು ಮಾಡುತ್ತಾರೆ.