ಶಾಖದ ಗಂಟು ಬಂದ ದಾರಿ

ಮಳೆಗಾಲದ ಮೋಡ ಕಡಲ ಮೇಲೆ ಏರಿತೆಂದರೆ, ವಿಶಾಖಪಟ್ಟಣದ ನಮ್ಮ ಮನೆಗಳಲ್ಲಿ ಹಿರಿಯರ ಮೊಣಕಾಲು ಮೊದಲು ಸುದ್ದಿ ಹೇಳುತ್ತದೆ. ಲಕ್ಕಿಸೊಪ್ಪನ್ನು ಹರಳೆಣ್ಣೆಯಲ್ಲಿ ಬಾಡಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಕೀಲಿಗೆ ಶಾಖ ಕೊಡುವುದನ್ನು ಬಲ್ಲವರು ನಾವು. ಇಲ್ಲಿಯವರು ಲಕ್ಕಿಗೆ ವಾವಿಲಿಯೆಂದೂ ಶಾಖಕ್ಕೆ ಕಾಪಡಮೆಂದೂ ಹೇಳುತ್ತಾರೆ. ಹೆಸರು ಎರಡು, ಗಂಟು ಒಂದೇ.

ಈ ಗಂಟಿನ ವಂಶಾವಳಿ ಬಹು ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯವು ಬೆಂಕಿಯ ಕಾವಿನಿಂದ ಮಾಡುವ ಸ್ವೇದಗಳು 13 ಎಂದು ಎಣಿಸುತ್ತದೆ. ಅವುಗಳಲ್ಲಿ ಮೊದಲನೆಯದಾದ ಸಂಕರಸ್ವೇದವೇ ನಮ್ಮ ಗಂಟು. ಎಳ್ಳು, ಉದ್ದು, ಹುರುಳಿ ಮೊದಲಾದವುಗಳ ಬಿಸಿ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿಯೋ ಸುತ್ತದೆಯೋ ಶಾಖ ಕೊಡಬೇಕೆಂದು ಅಲ್ಲಿ ವಿಧಿಯಿದೆ. ಸುಶ್ರುತನು ಔಷಧವನ್ನು ಅರೆದು, ಬಿಸಿಮಾಡಿ, ಕಟ್ಟುವ ಉಪನಾಹವನ್ನೂ ಹೇಳಿದ್ದಾನೆ.

ಈ ವೈದ್ಯವಿದ್ಯೆಯ ವಿಷಯದಲ್ಲಿ ಕನ್ನಡನಾಡಿಗೂ ಈ ಕರಾವಳಿಗೂ ಇರುವ ನಂಟು ಕುತೂಹಲಕರವಾದುದು. 9ನೆಯ ಶತಮಾನದ ಜೈನ ವೈದ್ಯ ಉಗ್ರಾದಿತ್ಯಾಚಾರ್ಯನು ರಾಮಗಿರಿಯಲ್ಲಿ 'ಕಲ್ಯಾಣಕಾರಕ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಮಾಂಸ, ಮದ್ಯ, ಮಧುಗಳಿಲ್ಲದ ಚಿಕಿತ್ಸೆ ಅವನದು. ನಮ್ಮ ನೃಪತುಂಗನ ಸಭೆಯಲ್ಲಿ ಮಾಂಸಾಹಾರದ ನಿಷ್ಫಲತೆಯನ್ನು ಕುರಿತು ಅವನು ವಾದಿಸಿದನೆಂದು ಆ ಗ್ರಂಥವೇ ಹೇಳುತ್ತದೆ. ರಾಮಗಿರಿಯೆಂದರೆ ನಾಗಪುರದ ಬಳಿಯ ರಾಮಟೇಕವೆಂದು ಕೆಲವರ ಮತ. ವಿಜಯನಗರಂ ಸಮೀಪದ ರಾಮತೀರ್ಥವೆಂದು ಮತ್ತೆ ಕೆಲವರ ಮತ. ಆ ರಾಮತೀರ್ಥದ ಗುಹೆಯಲ್ಲಿಯೇ 11ನೆಯ ಶತಮಾನದ ವೆಂಗಿ ಚಾಲುಕ್ಯ ದೊರೆ ವಿಮಲಾದಿತ್ಯನ ಕಾಲದ ಕನ್ನಡ ಶಾಸನವೊಂದಿದೆ. ಆ ದೊರೆಗಳ ವೆಂಗಿಯಾದರೋ ವಿಜಯವಾಡದ ನಮ್ಮ ಬಂಧುಗಳಿಗೆ ದೂರವಲ್ಲ. ಏಲೂರಿನ ಬಳಿಯ ಪೆದವೇಗಿಯೇ ಅದು. ವಂಶದ ಮೂಲವೋ ಬಾದಾಮಿ! ಮುಂದೆ 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು, ಪೂಜ್ಯಪಾದರದೆಂಬ ಮತ್ತೊಂದು ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದು, ವೈದ್ಯವನ್ನು ನಾಡನುಡಿಯಲ್ಲಿ ನುಡಿಸಿದನು.

ಇಷ್ಟು ದೂರ ನಡೆದುಬಂದ ಗಂಟಿನಲ್ಲಿ ಒಂದು ಮಾತು ಮಾತ್ರ ದಾರಿಯಲ್ಲಿ ಜಾರಿಬಿದ್ದಿದೆ. ಯಾರಿಗೆ ಶಾಖ ಕೊಡಬಾರದೆಂಬುದನ್ನೂ ಚರಕಸಂಹಿತೆ ಹೇಳಿತ್ತು. ಆ ಪಟ್ಟಿಯಲ್ಲಿ ಮಧುಮೇಹಿಯೂ ಇದ್ದಾನೆ. ಇಂದಿನ ವೈದ್ಯರ ಎಚ್ಚರಿಕೆಯೂ ಅದೇ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಸುಟ್ಟದ್ದೂ ತಿಳಿಯದು. ಆ ಬೊಕ್ಕೆಯೇ ವ್ರಣವಾಗಿ ಕಾಲಿಗೇ ಸಂಚಕಾರ ತಂದೀತು. ಕೆಂಪೇರಿ, ಬಿಸಿಯಾಗಿ ಊದಿದ ಕೀಲಿಗೆ ಶಾಖವಲ್ಲ, ವೈದ್ಯರೇ ಬೇಕು. ಮಿಕ್ಕವರಿಗೆ ಹಿತವಾದ ಕಾವು ಬಿಗಿದ ಸ್ನಾಯುವನ್ನು ಸಡಿಲಿಸಿ, ಕೆಲಹೊತ್ತು ನೋವನ್ನು ತಗ್ಗಿಸುತ್ತದೆ. ಸವೆದ ಕೀಲನ್ನು ಅದು ಹೊಸದು ಮಾಡದು.

ಆದುದರಿಂದ ಅಜ್ಜಿಗೆ ಗಂಟು ಹಿಡಿಯುವ ಮೊಮ್ಮಗನು ಅದನ್ನು ಮೊದಲು ತನ್ನ ಮುಂಗೈಗೆ ತಾಗಿಸಿ ನೋಡಲಿ. ಲಕ್ಕಿಯೆಂಬ ಕನ್ನಡದ ಹೆಸರನ್ನೂ ವಾವಿಲಿಯೆಂಬ ತೆಲುಗಿನ ಹೆಸರನ್ನೂ ಕಲಿಯಲಿ. ಹಿರಿಯರಿಂದ ಪಡೆದ ಮದ್ದಿನೊಡನೆ ಅದರ ಎಚ್ಚರಿಕೆಯನ್ನೂ ಪಡೆದರೆ, ಪರನಾಡಿನಲ್ಲಿ ನಾವು ಉಳಿಸಿಕೊಂಡ ಸಂಪ್ರದಾಯ ಸಾರ್ಥಕವಾದೀತು.